ಓದುಗರ ಅಂಚೆ: ಸುದ್ದಿ ಕೊಟ್ಟವರನ್ನು ಹುಡುಕುವವರು

ಪತ್ರಕರ್ತರ ಫೋನ್‌ಗಳ ಮೇಲೆ ಸರ್ಕಾರ ಕಣ್ಣಿಡುವುದರ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದು ಸಣ್ಣ ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಬಾರಿಯ ಅಂಕಣವನ್ನು ಪೂರ್ತಿ ತುಂಬಿವೆ. ಕೆಲವರು ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ.

ನಾನು ದಿನಪತ್ರಿಕೆಯೊಂದರ ಬಿಡಿ ಸುದ್ದಿಗಾರ. ನಮ್ಮ ತಾಲ್ಲೂಕಿನ ಒಂದು ವಿದ್ಯಾರ್ಥಿನಿಲಯದಲ್ಲಿ ಇಲ್ಲದ ಮಕ್ಕಳ ಲೆಕ್ಕ ತೋರಿಸಿ ದಿನಸಿ ಬಿಲ್ಲು ಪಾಸು ಮಾಡಿಸಿಕೊಂಡದ್ದನ್ನು ಬರೆದೆ. ಈಗ ಠಾಣೆಯಿಂದ ಫೋನ್ ಬರುತ್ತಿದೆ. ಮೊಬೈಲ್ ತೆಗೆದುಕೊಂಡು ಬರಬೇಕಂತೆ, ಬಿಲ್ಲಿನ ಪ್ರತಿ ಯಾರು ಕೊಟ್ಟರೆಂದು ಹೇಳಬೇಕಂತೆ. ಹೋಗಲೇ, ಬಿಡಲೇ? — ರಾಯಚೂರು ಜಿಲ್ಲೆಯಿಂದ

ಮೊದಲು ಒಂದು ಕೆಲಸ ಮಾಡಿ. ಫೋನಿನಲ್ಲಿ ಕರೆದವರಿಗೆ "ಲಿಖಿತವಾಗಿ ನೋಟಿಸ್ ಕೊಡಿ, ಬರುತ್ತೇನೆ" ಎಂದು ಮರ್ಯಾದೆಯಿಂದಲೇ ಹೇಳಿ. ಸಾಕ್ಷಿಯಾಗಿ ಕರೆಯುವುದಾದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ಲಿಖಿತ ಆದೇಶ ಬೇಕು. ಮೊಬೈಲ್ ಹಾಜರುಪಡಿಸು ಎನ್ನುವುದಾದರೆ 94ನೇ ಕಲಂ ಪ್ರಕಾರವೂ ಲಿಖಿತ ಆದೇಶವೇ ಬೇಕು. ಆ ಕಾಗದದಲ್ಲಿ ಪ್ರಕರಣದ ಸಂಖ್ಯೆ ಇದೆಯೇ, ನಿಮ್ಮನ್ನು ಸಾಕ್ಷಿ ಎಂದಿದ್ದಾರೆಯೇ, ಆರೋಪಿ ಎಂದಿದ್ದಾರೆಯೇ ಎಂದು ನೋಡಿ. ಕಾಗದ ಬಂದ ಮೇಲೆ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಾರದಿದ್ದರೆ ಹೋಗುವ ಅಗತ್ಯವಿಲ್ಲ. ನಿಮ್ಮ ಜಿಲ್ಲಾ ವರದಿಗಾರರಿಗೂ ಸಂಪಾದಕರಿಗೂ ಇಂದೇ ಪತ್ರ ಬರೆದು ವಿಷಯ ತಿಳಿಸಿ. ಬಾಯಿಮಾತು ಸಾಲದು. ಬಿಡಿ ಸುದ್ದಿಗಾರ ಕಷ್ಟಕ್ಕೆ ಸಿಕ್ಕಿದಾಗ "ಆತ ನಮ್ಮ ಸಿಬ್ಬಂದಿಯಲ್ಲ" ಎಂದು ಕೈತೊಳೆದುಕೊಂಡ ಕಚೇರಿಗಳನ್ನು ನಾನು ಕಂಡಿದ್ದೇನೆ.

ಇನ್ನು ಮೊಬೈಲಿನ ವಿಚಾರ. ಜಪ್ತಿ ಮಾಡಿಯೇ ತೀರುತ್ತೇವೆ ಎಂದರೆ ಮಹಜರಿನಲ್ಲಿ ಫೋನಿನ ಮಾದರಿ, ಐಎಂಇಐ ಎಂಬ ಅದರ ಗುರುತಿನ ಸಂಖ್ಯೆ, ಅದು ಆ ಕ್ಷಣದಲ್ಲಿ ಚಾಲೂ ಇತ್ತೇ, ಲಾಕ್ ಆಗಿತ್ತೇ ಎಂಬುದನ್ನೆಲ್ಲ ಬರೆಸಿ. ಮಹಜರಿನ ಪ್ರತಿ ಕೈಗೆ ಬರುವವರೆಗೂ ಅಲ್ಲಿಂದ ಕದಲಬೇಡಿ. ಫೋನಿನೊಳಗಿನ ಮಾಹಿತಿಯ ಹ್ಯಾಶ್ ವ್ಯಾಲ್ಯೂ, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ, ದಾಖಲಿಸಿ ಕೊಡಿ ಎಂದು ಲಿಖಿತವಾಗಿ ಕೇಳಿ. ಆಮೇಲೆ ಫೋನಿನೊಳಕ್ಕೆ ಯಾರಾದರೂ ಏನನ್ನಾದರೂ ಸೇರಿಸಿದರೆ ಅದು ಗೊತ್ತಾಗುವುದು ಆ ಸಂಖ್ಯೆಯಿಂದ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ಹೊಸ ಸಂಹಿತೆಯ 105ನೇ ಕಲಂ ಹೇಳುತ್ತದೆ. ಅದನ್ನು ನೆನಪಿಸುವುದರಲ್ಲಿ ಉದ್ಧಟತನವೇನೂ ಇಲ್ಲ. ಪಾಸ್‌ವರ್ಡ್ ವಿಷಯದಲ್ಲಿ 2021ರ ಮಾರ್ಚ್‌ನಲ್ಲಿ ನಮ್ಮದೇ ಹೈಕೋರ್ಟಿನ ಒಂದು ತೀರ್ಪಿದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು. ಆರೋಪಿ ಕೊಡದಿದ್ದರೆ ಅಧಿಕಾರಿ ನ್ಯಾಯಾಲಯದ ಮೊರೆಹೋಗಬೇಕು. ಠಾಣೆಯ ಮೇಜಿನ ಮೇಲೆ ಅದು ಇತ್ಯರ್ಥವಾಗುವ ವಿಷಯವಲ್ಲ. ಆದರೆ ಅದೇ ತೀರ್ಪು, ಪಾಸ್‌ವರ್ಡ್ ಕೊಡು ಎಂದು ನ್ಯಾಯಾಲಯ ಆದೇಶಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿಸಿದಂತಾಗುವುದಿಲ್ಲ ಎಂದೂ ಹೇಳಿದೆ. ಆದ್ದರಿಂದ ಅದೊಂದನ್ನೇ ಗುರಾಣಿ ಎಂದು ನಂಬಿ ಕೂರಬೇಡಿ.

ಸುದ್ದಿಮೂಲವನ್ನು ಹೇಳದೆ ಇರುವ ಹಕ್ಕು ಕಾನೂನಿನಲ್ಲಿ ನಿಮಗೆ ಎಷ್ಟಿದೆ ಎಂಬುದನ್ನೂ ನೇರವಾಗಿ ಹೇಳಿಬಿಡುತ್ತೇನೆ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15ನೇ ಕಲಮಿನಲ್ಲಿ ಒಂದು ಸಾಲಿದೆ: ಸುದ್ದಿಮೂಲವನ್ನು ಬಹಿರಂಗಪಡಿಸುವಂತೆ ಯಾವ ಪತ್ರಕರ್ತನನ್ನೂ ಒತ್ತಾಯಿಸಲಾಗದು. ಆದರೆ ಆ ರಕ್ಷಣೆ ಪತ್ರಿಕಾ ಮಂಡಳಿಯ ಎದುರು ಮಾತ್ರ. ಪೊಲೀಸರೆದುರಿಗೂ ನ್ಯಾಯಾಲಯದಲ್ಲಿಯೂ ಪತ್ರಕರ್ತನ ಮೂಲವನ್ನು ಕಾಯುವ ಪ್ರತ್ಯೇಕ ಕಾನೂನು ಈ ದೇಶದಲ್ಲಿಲ್ಲ. ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ರಕ್ಷಣೆ ಇದೆ, ನಮಗಿಲ್ಲ. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಹಳೆಯ ಟೆಲಿಗ್ರಾಫ್ ಕಾಯ್ದೆಯಲ್ಲಿಯೂ ಅದರ ಬದಲಿಗೆ ಬಂದ 2023ರ ದೂರಸಂಪರ್ಕ ಕಾಯ್ದೆಯಲ್ಲಿಯೂ, ಪ್ರಕಟಣೆಗಾಗಿ ಪತ್ರಕರ್ತರು ಕಳುಹಿಸುವ ಸಂದೇಶಗಳನ್ನು ಸಾಮಾನ್ಯವಾಗಿ ತಡೆಯಬಾರದು, ಕದ್ದು ನೋಡಬಾರದು ಎಂಬ ಒಂದು ವಿನಾಯಿತಿ ಇದೆ. ಯಾವ ಪತ್ರಕರ್ತರು? ಕೇಂದ್ರ ಅಥವಾ ರಾಜ್ಯ ಸರ್ಕಾರದಿಂದ ಮಾನ್ಯತೆ ಪಡೆದವರು ಮಾತ್ರ. ರಾಜಧಾನಿಯಲ್ಲಿ ಮಾನ್ಯತಾ ಕಾರ್ಡ್ ಇಟ್ಟುಕೊಂಡು ಓಡಾಡುವವರು ಆ ಸಾಲಿನೊಳಗೆ ಬರುತ್ತಾರೆ. ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಸುದ್ದಿಗೆ ಇಷ್ಟು ಎಂದು ಕಾಸು ಎಣಿಸಿಕೊಳ್ಳುವ ನೀವು ಬರುವುದಿಲ್ಲ. ಅಪಾಯ ಹೆಚ್ಚಿರುವುದು ನಿಮಗೆ, ರಕ್ಷಣೆ ಇರುವುದು ಅವರಿಗೆ. ಇದು ಅನ್ಯಾಯ. ಪತ್ರಕರ್ತರ ಸಂಘಗಳು ನಿವೇಶನ, ಬಸ್ ಪಾಸುಗಳಿಗಾಗಿ ಹೋರಾಡುವಷ್ಟೇ ಜೋರಾಗಿ ಇದಕ್ಕೂ ಹೋರಾಡಬೇಕಿತ್ತು.

ಕೊನೆಯದಾಗಿ ಒಂದು ಎಚ್ಚರಿಕೆ. ಆ ಬಿಲ್ಲು ಕೊಟ್ಟವರಿಗೆ ಈಗ ಫೋನ್ ಮಾಡಬೇಡಿ, "ಹೀಗಾಗಿದೆ, ಹುಷಾರು" ಎಂದು ಸಂದೇಶವನ್ನೂ ಕಳುಹಿಸಬೇಡಿ. ನಿಮ್ಮ ಮಾತನ್ನು ಯಾರೂ ಕೇಳಿಸಿಕೊಳ್ಳಬೇಕಾಗಿಯೇ ಇಲ್ಲ. ನೀವು ಯಾರಿಗೆ, ಯಾವಾಗ, ಎಷ್ಟು ಹೊತ್ತು, ಯಾವ ಟವರ್‌ನಿಂದ ಮಾತನಾಡಿದಿರಿ ಎಂಬ ಕರೆ ವಿವರವೇ ಸಾಕು. ಪೊಲೀಸರ ಬಾಯಲ್ಲಿ ಅದು ಸಿಡಿಆರ್. ದೂರಸಂಪರ್ಕ ಕಂಪನಿಗಳು ಅದನ್ನು ಎರಡು ವರ್ಷ ಇಟ್ಟುಕೊಂಡಿರಬೇಕು. ಸುದ್ದಿ ಅಚ್ಚಾದ ಮರುದಿನ ನೀವು ಕರೆ ಮಾಡಿದ ಮೊದಲ ಸರ್ಕಾರಿ ನೌಕರ ಯಾರೆಂದು ನೋಡಿದರೆ ಅವರ ಹುಡುಕಾಟ ಮುಗಿಯಿತು. 2013ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಅವರ ಕರೆ ವಿವರಗಳನ್ನೇ ಅಕ್ರಮವಾಗಿ ತೆಗೆಸಿದ್ದು ಬಯಲಾಗಿ, ದೆಹಲಿಯ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬನ ಬಂಧನವಾಗಿತ್ತು. ಅಂಥವರ ದಾಖಲೆಯೇ ಹಾಗೆ ಸಿಕ್ಕಿದ ಮೇಲೆ ನಿಮ್ಮದು, ನನ್ನದು ಯಾವ ಲೆಕ್ಕ?

ಕಡತದ ಮೇಲೆ "ರಹಸ್ಯ" ಎಂಬ ಮುದ್ರೆ ಇದ್ದರೆ ಅದನ್ನು ಪ್ರಕಟಿಸುವುದು ಅಪರಾಧವೇ? ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳಿದರು, ನನಗೆ ಖಚಿತವಾಗಿ ಹೇಳಲಾಗಲಿಲ್ಲ. — ಪದವಿ ಕಾಲೇಜಿನ ಉಪನ್ಯಾಸಕಿ, ಶಿರಸಿ

ಮುದ್ರೆಯೊಂದರಿಂದಲೇ ಅಪರಾಧವಾಗುವುದಿಲ್ಲ ಎಂದು ದೆಹಲಿಯ ನ್ಯಾಯಾಲಯವೊಂದು 2009ರಲ್ಲಿ ಹೇಳಿದೆ. ಸಾರ್ವಜನಿಕ ಉದ್ದಿಮೆಗಳ ಷೇರು ಮಾರಾಟದ ಬಗ್ಗೆ ಸಂಪುಟ ಟಿಪ್ಪಣಿಯೊಂದರ ಸಾರವನ್ನು ಪ್ರಕಟಿಸಿದ್ದಕ್ಕಾಗಿ ಪತ್ರಕರ್ತ ಶಾಂತನು ಸೈಕಿಯಾ ಅವರ ಮೇಲೆ 1999ರಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆಯಡಿ ಪ್ರಕರಣ ದಾಖಲಾಗಿತ್ತು. ಅವರು ಆರೋಪಮುಕ್ತರಾಗುವ ಹೊತ್ತಿಗೆ ಹತ್ತು ವರ್ಷ ಸರಿದಿತ್ತು. ನಿಮ್ಮ ವಿದ್ಯಾರ್ಥಿಗಳಿಗೆ ತೀರ್ಪಿನ ಜೊತೆ ಆ ಹತ್ತು ವರ್ಷವನ್ನೂ ಹೇಳಿ.

ಕಾಯ್ದೆ 1923ರದು. ಅದರ ಬೇರು ಇನ್ನೂ ಹಿಂದಿನದು: 1889ರ ಕಾಯ್ದೆಯನ್ನು ಲಾರ್ಡ್ ಕರ್ಜನ್ 1904ರಲ್ಲಿ ಬಿಗಿಮಾಡಿ, ಸೇನೆಯ ವಿಷಯಕ್ಕಿದ್ದ ನಿರ್ಬಂಧವನ್ನು ಸಿವಿಲ್ ಆಡಳಿತಕ್ಕೂ ಎಳೆದರು. ಗೋಪಾಲಕೃಷ್ಣ ಗೋಖಲೆಯವರು ಶಾಸನ ಸಭೆಯಲ್ಲಿ ಅದನ್ನು ಎದುರಿಸಿ ಮಾತನಾಡಿದರು. ಸ್ವಾತಂತ್ರ್ಯ ಬಂದಿತು, ಸಂವಿಧಾನ ಬಂದಿತು, ಕಾಯ್ದೆ ಮಾತ್ರ ಉಳಿಯಿತು. ಅದರ ಐದನೇ ಕಲಮಿನಲ್ಲಿ ಮಾಹಿತಿ ಕೊಟ್ಟವನೂ ಅಪರಾಧಿ, ತಿಳಿದೂ ಪಡೆದವನೂ ಅಪರಾಧಿ. ಮೂರು ವರ್ಷದವರೆಗೆ ಸೆರೆವಾಸ. ಆದರೆ "ರಹಸ್ಯ" ಎಂದರೆ ಏನು ಎಂಬ ವ್ಯಾಖ್ಯೆ ಇಡೀ ಕಾಯ್ದೆಯಲ್ಲಿ ಇಲ್ಲ. ಯಾವುದು ರಹಸ್ಯ ಎಂದು ತೀರ್ಮಾನಿಸುವವರು, ಯಾವುದು ಹೊರಬಂದರೆ ತಮಗೆ ಮುಜುಗರವಾಗುತ್ತದೆಯೋ ಅದೇ ಅಧಿಕಾರಿಗಳು.

ಇಫ್ತಿಕಾರ್ ಗಿಲಾನಿ ಅವರ ಕಥೆಯನ್ನು ತರಗತಿಯಲ್ಲಿ ನಿಧಾನವಾಗಿ ಹೇಳಿ. "ಕಾಶ್ಮೀರ್ ಟೈಮ್ಸ್" ಪತ್ರಿಕೆಯ ದೆಹಲಿ ಕಚೇರಿಯ ಮುಖ್ಯಸ್ಥರಾಗಿದ್ದ ಅವರನ್ನು 2002ರ ಜೂನ್‌ನಲ್ಲಿ ಬಂಧಿಸಿದರು. ಅವರ ಕಂಪ್ಯೂಟರಿನಲ್ಲಿ ಕಾಶ್ಮೀರದಲ್ಲಿನ ಸೇನಾ ಪಡೆಗಳ ಬಗ್ಗೆ ಒಂದು ಬರಹ ಸಿಕ್ಕಿತ್ತು. ಅದು ಇಸ್ಲಾಮಾಬಾದಿನ ಅಧ್ಯಯನ ಸಂಸ್ಥೆಯೊಂದು ಎಂದೋ ಪ್ರಕಟಿಸಿದ್ದ, ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದಾಗಿದ್ದ ಪ್ರಬಂಧ. ಇದು ಹೊರಗೆ ಹೋದರೆ ದೇಶಕ್ಕೆ ಹಾನಿ ಎಂದು ಸೇನಾ ಗುಪ್ತಚರ ವಿಭಾಗ ಮೊದಲು ಅಭಿಪ್ರಾಯ ಕೊಟ್ಟಿತು. ಆರು ತಿಂಗಳಾದ ಮೇಲೆ, ಇದರಲ್ಲಿ ಭದ್ರತೆಗೆ ಸಂಬಂಧಿಸಿದ್ದೇನೂ ಇಲ್ಲ ಎಂದು ಅದೇ ವಿಭಾಗ ಎರಡನೆಯ ಅಭಿಪ್ರಾಯ ಕೊಟ್ಟಿತು. ಸರ್ಕಾರ ಪ್ರಕರಣ ಹಿಂಪಡೆಯಿತು. 2003ರ ಜನವರಿಯಲ್ಲಿ ಗಿಲಾನಿ ಹೊರಬಂದರು. ನಡುವಿನ ಏಳು ತಿಂಗಳು ತಿಹಾರ್ ಜೈಲಿನಲ್ಲಿ ದೇಶದ್ರೋಹಿ ಎನ್ನಿಸಿಕೊಂಡು ಏಟು ತಿಂದರು. ಎರಡು ಅಭಿಪ್ರಾಯಗಳ ನಡುವೆ ಆ ಪ್ರಬಂಧದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಸುಪ್ರೀಂ ಕೋರ್ಟಿನ ಕಡೆಯಿಂದ ಒಂದು ಒಳ್ಳೆಯ ಮಾತೂ ಇದೆ. ರಫೇಲ್ ವಿಮಾನ ಖರೀದಿಯ ಕಡತಗಳನ್ನು 2019ರ ಫೆಬ್ರುವರಿಯಲ್ಲಿ "ದಿ ಹಿಂದೂ" ಪ್ರಕಟಿಸಿದಾಗ, ಈ ದಾಖಲೆಗಳನ್ನು ನ್ಯಾಯಾಲಯ ನೋಡಲೇಬಾರದು ಎಂದು ಕೇಂದ್ರ ಆಕ್ಷೇಪಿಸಿತು. ಏಪ್ರಿಲ್ 10ರಂದು ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ಖರೀದಿ ಕುರಿತ ಮರುಪರಿಶೀಲನಾ ಅರ್ಜಿಗಳು ಮುಂದೆ ವಜಾ ಆದವು. ಆದರೂ ಪತ್ರಿಕೆಯಲ್ಲಿ ಅಚ್ಚಾದ ದಾಖಲೆಯನ್ನು ರಹಸ್ಯವೆಂಬ ಒಂದೇ ಕಾರಣಕ್ಕೆ ಆಚೆ ಎಸೆಯಲಾಗದು ಎಂಬ ಮಾತು ನಿಂತಿದೆ. ಮಾಹಿತಿ ಹಕ್ಕು ಕಾಯ್ದೆಯ 8(2) ಕಲಂ ಕೂಡ ಇದನ್ನೇ ಹೇಳುತ್ತದೆ: ಸಾರ್ವಜನಿಕ ಹಿತ ದೊಡ್ಡದಿದ್ದರೆ, ಅಧಿಕೃತ ರಹಸ್ಯಗಳ ಕಾಯ್ದೆ ಏನೇ ಹೇಳಲಿ, ಮಾಹಿತಿ ಕೊಡಬಹುದು.

ಮಂತ್ರಿಗಳು "ಅಧಿಕಾರ ಮತ್ತು ಗೋಪ್ಯತೆ"ಯ ಪ್ರಮಾಣವಚನ ಏಕೆ ಸ್ವೀಕರಿಸಬೇಕು? ಜನರಿಂದ ಆರಿಸಿ ಬಂದವರು ಜನರಿಂದಲೇ ಮುಚ್ಚಿಡುವುದು ಏನು? — ನಿವೃತ್ತ ಮುಖ್ಯೋಪಾಧ್ಯಾಯ, ತುರುವೇಕೆರೆ

ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಆ ಪ್ರಮಾಣದ ಪಾಠ ಇದೆ, ಅದಕ್ಕೇ ಓದುತ್ತಾರೆ. ನಿಮಗೆ ಬಂದ ಪ್ರಶ್ನೆ ನಮ್ಮ ರಾಜ್ಯದವರೇ ಒಬ್ಬರಿಗೆ ಅಧಿಕೃತವಾಗಿಯೇ ಬಂದಿತ್ತು. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ಕೊಟ್ಟ ಮೊಟ್ಟಮೊದಲ ವರದಿಯಲ್ಲಿ, ಅಧಿಕೃತ ರಹಸ್ಯಗಳ ಕಾಯ್ದೆಯನ್ನು ರದ್ದುಮಾಡಿ, ನಿಜಕ್ಕೂ ದೇಶದ ಭದ್ರತೆಗೆ ಬೇಕಾದಷ್ಟನ್ನು ಮಾತ್ರ ಬೇರೆ ಕಾನೂನಿನಲ್ಲಿ ಇಡಿ ಎಂದಿತು. ಮಂತ್ರಿಗಳ ಗೋಪ್ಯತೆಯ ಪ್ರಮಾಣವನ್ನು ಕೈಬಿಟ್ಟು ಪಾರದರ್ಶಕತೆಯ ಪ್ರಮಾಣ ಬೋಧಿಸಿ ಎಂದೂ ಹೇಳಿತು. ಆಮೇಲೆ ಎಷ್ಟು ಸರ್ಕಾರಗಳು ಬಂದವು! ರಾಜಭವನದ ಗಾಜಿನಮನೆಯಲ್ಲಿ ಇಂದಿಗೂ ಹಳೆಯ ಪ್ರಮಾಣವೇ ಕೇಳಿಸುತ್ತದೆ.

ಪೆಗಾಸಸ್ ಗದ್ದಲ ಕೊನೆಗೆ ಏನಾಯಿತು? ಎಲ್ಲರೂ ಮರೆತರೇ? — ಪತ್ರಿಕೋದ್ಯಮ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ನೀವು ಮರೆಯದಿರಲಿ ಎಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪೆಗಾಸಸ್ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಕುತಂತ್ರಾಂಶ. ಕೊಂಡಿಯನ್ನು ಒತ್ತದಿದ್ದರೂ ಫೋನಿನೊಳಗೆ ಸೇರಬಲ್ಲದು. ಸೇರಿದ ಮೇಲೆ ಸಂದೇಶ, ಚಿತ್ರ, ಮೈಕ್, ಕ್ಯಾಮೆರಾ ಎಲ್ಲವೂ ಅದರ ಕೈಗೆ. ಸಿಗ್ನಲ್, ವಾಟ್ಸ್ಆ್ಯಪ್‌ಗಳ ಗೂಢಲಿಪಿ ದಾರಿಯಲ್ಲಿ ಕದಿಯುವವರಿಂದ ಕಾಪಾಡುತ್ತದೆ. ಪೆಗಾಸಸ್ ನೀವು ಓದುವಾಗ ನಿಮ್ಮೊಂದಿಗೇ ಓದುತ್ತದೆ. ಸರ್ಕಾರಗಳಿಗೆ ಹೊರತು ಬೇರೆ ಯಾರಿಗೂ ಮಾರುವುದಿಲ್ಲ ಎಂದು ಕಂಪನಿಯೇ ಹೇಳಿದೆ. 2021ರ ಜುಲೈ 18ರಂದು ಪ್ಯಾರಿಸ್ಸಿನ ಫರ್ಬಿಡನ್ ಸ್ಟೋರೀಸ್ ಎಂಬ ಪತ್ರಕರ್ತರ ಸಂಸ್ಥೆ ಮತ್ತು ಅದರೊಂದಿಗಿದ್ದ 17 ಮಾಧ್ಯಮ ಸಂಸ್ಥೆಗಳು, ಸುಮಾರು 50,000 ಫೋನ್ ಸಂಖ್ಯೆಗಳ ಪಟ್ಟಿಯೊಂದನ್ನು ಆಧರಿಸಿ ವರದಿ ಪ್ರಕಟಿಸಿದವು. ಜಗತ್ತಿನ 180ಕ್ಕೂ ಹೆಚ್ಚು ಪತ್ರಕರ್ತರ ಸಂಖ್ಯೆಗಳು ಅದರಲ್ಲಿದ್ದವು. ಪಟ್ಟಿಯಲ್ಲಿರುವುದೆಂದರೆ ಫೋನ್ ಹೊಕ್ಕಿದ್ದಾರೆ ಎಂದಲ್ಲ. ಆದರೆ ಅಮ್ನೆಸ್ಟಿ ಎಂಬ ಮಾನವ ಹಕ್ಕುಗಳ ಸಂಸ್ಥೆಯ ಪ್ರಯೋಗಾಲಯ ಪರೀಕ್ಷಿಸಿದ ಫೋನ್‌ಗಳಲ್ಲಿ, "ದಿ ವೈರ್" ಸುದ್ದಿತಾಣದ ಸಿದ್ಧಾರ್ಥ್ ವರದರಾಜನ್, ಎಂ.ಕೆ. ವೇಣು ಮತ್ತು ಪತ್ರಕರ್ತರಾದ ಸುಶಾಂತ್ ಸಿಂಗ್, ಪರಂಜಯ್ ಗುಹಾ ಠಾಕುರ್ತಾ ಅವರ ಫೋನ್‌ಗಳಲ್ಲಿ ಪೆಗಾಸಸ್‌ನ ಗುರುತುಗಳು ಸಿಕ್ಕವು. ನಮ್ಮ ರಾಜ್ಯವೂ ಹೊರತಾಗಿರಲಿಲ್ಲ. 2019ರಲ್ಲಿ ಮೈತ್ರಿ ಸರ್ಕಾರ ಉರುಳುವ ಹೊತ್ತಿಗೆ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರ ಸಂಖ್ಯೆ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು ಪಟ್ಟಿಯಲ್ಲಿದ್ದವು ಎಂದು "ದಿ ವೈರ್" ವರದಿ ಮಾಡಿತು.

ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 27ರಂದು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಉಸ್ತುವಾರಿಯಲ್ಲಿ ತಾಂತ್ರಿಕ ಸಮಿತಿ ರಚಿಸಿತು. ಅವರು ನಮ್ಮ ಹೈಕೋರ್ಟಿನಲ್ಲಿಯೂ ನ್ಯಾಯಮೂರ್ತಿಯಾಗಿದ್ದವರು. ದೇಶದ ಭದ್ರತೆ ಎಂದೊಡನೆ ನ್ಯಾಯಾಲಯ ಬೆದರಿ ಸುಮ್ಮನಾಗದು ಎಂಬ ಮಾತು ಆ ಆದೇಶದಲ್ಲಿದೆ. ಸಮಿತಿ 29 ಫೋನ್‌ಗಳನ್ನು ಪರೀಕ್ಷಿಸಿತು. ಐದರಲ್ಲಿ ಯಾವುದೋ ಕುತಂತ್ರಾಂಶ ಇತ್ತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದೆ ಎಂಬುದನ್ನು 2022ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರೇ ನ್ಯಾಯಾಲಯದಲ್ಲಿ ಓದಿದರು. 2025ರ ಏಪ್ರಿಲ್‌ನಲ್ಲಿ ವಿಷಯ ಮತ್ತೆ ಪೀಠದ ಮುಂದೆ ಬಂದಾಗ, ದೇಶ ಇಂಥ ತಂತ್ರಾಂಶ ಇಟ್ಟುಕೊಳ್ಳುವುದರಲ್ಲಿ ತಪ್ಪೇನು, ಯಾರ ಮೇಲೆ ಬಳಸಿದರು ಎಂಬುದಲ್ಲವೇ ಪ್ರಶ್ನೆ ಎಂದು ನ್ಯಾಯಮೂರ್ತಿ ಸೂರ್ಯಕಾಂತ್ ಕೇಳಿದರು.

ಯಾರ ಮೇಲೆ ಎಂಬುದೇ ಪ್ರಶ್ನೆ, ನಿಜ. ಆದರೆ ಕೊಂಡಿದ್ದೀರಾ ಎಂಬುದಕ್ಕೂ ಸರ್ಕಾರ ನ್ಯಾಯಾಲಯದಲ್ಲಿ ಹೌದು ಎಂದಿಲ್ಲ, ಇಲ್ಲ ಎಂದಿಲ್ಲ. 2023ರ ಅಕ್ಟೋಬರ್ 31ರಂದು ವಿರೋಧ ಪಕ್ಷದ ನಾಯಕರ ಮತ್ತು ಪತ್ರಕರ್ತರ ಐಫೋನ್‌ಗಳಿಗೆ ಆ್ಯಪಲ್ ಕಂಪನಿಯಿಂದ ಎಚ್ಚರಿಕೆ ಬಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪತ್ರಕರ್ತರಾದ ವರದರಾಜನ್ ಮತ್ತು ಆನಂದ್ ಮಂಗ್ನಾಳೆ ಅವರ ಫೋನ್‌ಗಳನ್ನು ಪೆಗಾಸಸ್ ಗುರಿಮಾಡಿದ್ದು ಗೊತ್ತಾಯಿತು ಎಂದು ಅಮ್ನೆಸ್ಟಿ ಪ್ರಕಟಿಸಿತು. ಗದ್ದಲ ನಿಂತಿದೆ, ಕೆಲಸ ನಿಂತಂತೆ ಕಾಣುವುದಿಲ್ಲ.

ನನ್ನ ಅಭಿಪ್ರಾಯ ನಿಮಗೆ ಹಿಡಿಸಲಿಕ್ಕಿಲ್ಲ. ಭಯೋತ್ಪಾದಕರನ್ನು ಹಿಡಿಯಲು ಸರ್ಕಾರ ಫೋನ್ ಕೇಳಲೇಬೇಕಲ್ಲವೇ? ತಪ್ಪು ಮಾಡದವರು ಹೆದರುವುದೇಕೆ? — ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂದಾಪುರ

ಹಿಡಿಸದೆ ಏನು? ಕೇಳಬೇಕಾದ ಪ್ರಶ್ನೆಯೇ. ಸರ್ಕಾರ ಫೋನ್ ಕೇಳಲೇಬಾರದು ಎಂದು ನಾನು ಹೇಳುವುದಿಲ್ಲ. ಯಾರು ಅನುಮತಿ ಕೊಡುತ್ತಾರೆ, ಆ ಅನುಮತಿಯನ್ನು ಯಾರು ಪರಿಶೀಲಿಸುತ್ತಾರೆ ಎಂದು ಕೇಳುತ್ತೇನೆ. ನೀವು ಬ್ಯಾಂಕಿನಲ್ಲಿದ್ದವರು. ಸಾಲ ಮಂಜೂರು ಮಾಡಿದವರೇ ಅದರ ಆಡಿಟ್ ಕೂಡ ಮಾಡುವ ವ್ಯವಸ್ಥೆಯನ್ನು ನೀವು ಒಪ್ಪುತ್ತಿದ್ದಿರಾ?

ಇಲ್ಲಿ ನಡೆಯುವುದು ಅದೇ. ಅನುಮತಿ ಕೊಡುವವರು ಗೃಹ ಕಾರ್ಯದರ್ಶಿ. ಪರಿಶೀಲಿಸುವ ಸಮಿತಿಯಲ್ಲಿ ದೆಹಲಿಯಲ್ಲಾದರೆ ಸಂಪುಟ ಕಾರ್ಯದರ್ಶಿ, ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ ಮತ್ತು ಇತರ ಕಾರ್ಯದರ್ಶಿಗಳು. ನ್ಯಾಯಾಧೀಶರು ಇಲ್ಲ, ಶಾಸಕರು ಇಲ್ಲ, ಹೊರಗಿನವರು ಯಾರೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮಗಳೂ ಇದನ್ನೇ ಮುಂದುವರಿಸಿವೆ: ಒಂದು ಆದೇಶ 60 ದಿನ, ವಿಸ್ತರಿಸಿದರೆ ಒಟ್ಟು 180 ದಿನ. ದತ್ತಾಂಶ ರಕ್ಷಣೆಯ ಬಗ್ಗೆ 2018ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ, ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರದ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಗೆ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು ಬರೆಯಿತು. ಒಂದು ಆದೇಶಕ್ಕೆ ಒಂದು ನಿಮಿಷ ಎಂದರೂ 250 ತಾಸು ಬೇಕು. ಹತ್ತು ದಿನ ಹಗಲೂ ರಾತ್ರಿ ಕುಳಿತರೂ ಮುಗಿಯದು. ಅದನ್ನು ಪರಿಶೀಲನೆ ಎನ್ನಲು ನನ್ನಿಂದಾಗುವುದಿಲ್ಲ. ಇನ್ನು ಫೋನ್ ಕೇಳಿಸಿಕೊಂಡ ದಾಖಲೆಗಳನ್ನು ಅಗತ್ಯವಿಲ್ಲದಿದ್ದರೆ ಆರು ತಿಂಗಳಿಗೊಮ್ಮೆ ನಾಶಮಾಡಬೇಕು. ಫೋನ್ ಕೇಳಿಸಿಕೊಂಡ ಸಂಗತಿಯನ್ನು ಆ ವ್ಯಕ್ತಿಗೆ ಎಂದೂ ತಿಳಿಸಬೇಕಿಲ್ಲ. ತನಗೆ ಅನ್ಯಾಯವಾಗಿದೆ ಎಂದು ಗೊತ್ತೇ ಆಗದವನು ದೂರು ಕೊಡುವುದು ಎಲ್ಲಿಗೆ?

ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು ಫೋನ್ ಕದ್ದಾಲಿಕೆಯ ಆರೋಪದ ಮೇಲೆ. 2019ರಲ್ಲಿ ಮತ್ತೆ ಅದೇ ಆರೋಪ ಎದ್ದು, ಯಡಿಯೂರಪ್ಪನವರ ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಎರಡೂ ಸಲ ಪಟ್ಟಿಯಲ್ಲಿದ್ದಾರೆಂದು ಕೇಳಿಬಂದವರು ಭಯೋತ್ಪಾದಕರಲ್ಲ, ರಾಜಕಾರಣಿಗಳು. ಪಕ್ಷ ಯಾವುದೇ ಇರಲಿ, ಉಪಕರಣ ಕೈಯಲ್ಲಿದ್ದರೆ ಅದು ಎದುರಾಳಿಯ ಕಡೆಗೆ ತಿರುಗುತ್ತದೆ. 1996ರ ಡಿಸೆಂಬರ್‌ನಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈಗಿರುವ ಪರಿಶೀಲನಾ ಸಮಿತಿಯ ಪದ್ಧತಿಯನ್ನು ತಂದದ್ದೂ ರಾಜಕಾರಣಿಗಳ ಫೋನ್ ಕದ್ದಾಲಿಕೆ ಬಯಲಾದ ಮೇಲೆಯೇ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪನ್ನು ದೇಶಕ್ಕೆ ತಂದುಕೊಟ್ಟ ಅರ್ಜಿದಾರರು ಕೂಡ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೊಂಬತ್ತರ ಗಡಿಯಲ್ಲಿದ್ದ ಆ ಹಿರಿಯರು ಯಾವ ತಪ್ಪು ಮಾಡಿ ಹೆದರಿದ್ದರು, ಹೇಳಿ.

ತಪ್ಪು ಮಾಡದವರು ಹೆದರುವುದೇಕೆ ಎಂದಿರಿ. ಆಸ್ಪತ್ರೆಯಲ್ಲಿ ಅವಧಿ ಮುಗಿದ ಔಷಧಿ ಕೊಡುತ್ತಿದ್ದಾರೆಂದು ಹೇಳಲು ಬಂದ ನರ್ಸ್ ಯಾವ ತಪ್ಪೂ ಮಾಡಿರುವುದಿಲ್ಲ. ಸೇತುವೆಗೆ ಕಡಿಮೆ ಕಬ್ಬಿಣ ಹಾಕಿದ್ದನ್ನು ಬರೆದಿಟ್ಟ ಕಿರಿಯ ಎಂಜಿನಿಯರ್ ಮಾಡಿರುವುದಿಲ್ಲ. ಹೆದರುವವರು ಅವರೇ. ನನ್ನ ಫೋನನ್ನು ಯಾರೋ ಕೇಳುತ್ತಾರೆಂದು ಗೊತ್ತಾದರೆ ನಾನು ಬರೆಯುವುದನ್ನು ನಿಲ್ಲಿಸಲಾರೆ. ಅವರು ಮಾತನಾಡುವುದನ್ನು ನಿಲ್ಲಿಸುತ್ತಾರೆ. ಆ ಸುದ್ದಿಗಳು ನಿಮ್ಮ ಮನೆಯ ಪತ್ರಿಕೆಯಲ್ಲಿ ಬರುವುದು ನಿಂತುಹೋಗುತ್ತದೆ, ನಿಂತದ್ದು ನಿಮ್ಮ ಗಮನಕ್ಕೂ ಬರುವುದಿಲ್ಲ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ನನ್ನ ಮೇಜಿಗೆ ಬಂದ ಕಡತವೊಂದರಲ್ಲಿ ಕುಡಿಯುವ ನೀರಿನ ಕಾಮಗಾರಿ ಆಗದೆಯೇ ಹಣ ಪಾವತಿಯಾಗಿದೆ. ಪತ್ರಿಕೆಗೆ ಹೇಗೆ ತಲುಪಿಸಲಿ? ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. — ಕಲಬುರಗಿ ವಿಭಾಗದಿಂದ

ತಂಗೀ, ನಿಮ್ಮ ಪತ್ರವನ್ನು ಓದಿ ನಾಶಮಾಡಿದ್ದೇನೆ. ನೀವು ಬರೆದ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ.

ಮೊದಲು ಕಷ್ಟದ ಮಾತುಗಳು. ಸರ್ಕಾರದ ಒಳಗಿನ ತಪ್ಪನ್ನು ಹೇಳುವವರ ರಕ್ಷಣೆಗೆ 2014ರಲ್ಲಿ ಸಂಸತ್ತು ಕಾಯ್ದೆಯೊಂದನ್ನು ಅಂಗೀಕರಿಸಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಇಂದಿಗೂ ಅದನ್ನು ಜಾರಿಗೆ ತಂದಿಲ್ಲ. ಆ ಕಾಯ್ದೆಗೆ ದಾರಿ ಮಾಡಿಕೊಟ್ಟದ್ದು ಸತ್ಯೇಂದ್ರ ದುಬೆ ಎಂಬ ಯುವ ಎಂಜಿನಿಯರನ ಸಾವು. ಬಿಹಾರದಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಪತ್ರ ಬರೆದು, ನನ್ನ ಹೆಸರನ್ನು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದ. ಪತ್ರ ಅವನ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು, ಅದಕ್ಕೆ ಶಿಕ್ಷೆಯೂ ಆಯಿತು. ಕೊಲೆಯ ಕಾರಣ ಏನೇ ಇರಲಿ, ಲಕ್ಷಗಟ್ಟಲೆ ಕಡತಗಳನ್ನು ಗುಟ್ಟಾಗಿಡಬಲ್ಲ ಸರ್ಕಾರ ಒಬ್ಬನ ಹೆಸರನ್ನು ಗುಟ್ಟಾಗಿಡಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಇಷ್ಟು ವರ್ಷಗಳಾದರೂ ಆರಿಲ್ಲ. ನಿಮ್ಮ ನಡತೆ ನಿಯಮಗಳಲ್ಲಿಯೂ ಅನುಮತಿಯಿಲ್ಲದೆ ಕಡತದ ಮಾಹಿತಿ ಹೊರಗೆ ಕೊಡುವುದಕ್ಕೆ ನಿಷೇಧವಿದೆ. ಇಲಾಖಾ ವಿಚಾರಣೆ, ಅಮಾನತು, ಎರಡೂ ಆಗಬಹುದು.

ಆದ್ದರಿಂದ ಆ ಕಡತದ ಫೋಟೊ ತೆಗೆಯಬೇಡಿ. ಕಚೇರಿಯ ಪ್ರಿಂಟರಿನಲ್ಲಿ ಪ್ರತಿ ತೆಗೆಯಬೇಡಿ. ಇ-ಆಫೀಸಿನಲ್ಲಿದ್ದರೆ ಅನಗತ್ಯವಾಗಿ ಮತ್ತೆ ತೆರೆದು ನೋಡಬೇಡಿ. ಕಡತ ಯಾರ ಲಾಗಿನ್‌ಗೆ ಎಂದು ಬಂತು, ಎಂದು ಹೋಯಿತು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಅಮೆರಿಕದಲ್ಲಿ 2017ರಲ್ಲಿ ರಿಯಾಲಿಟಿ ವಿನ್ನರ್ ಎಂಬ ಯುವತಿ ಗುಪ್ತಚರ ವರದಿಯೊಂದನ್ನು ಕಚೇರಿಯಲ್ಲಿ ಮುದ್ರಿಸಿ ಸುದ್ದಿಸಂಸ್ಥೆಯೊಂದಕ್ಕೆ ಅಂಚೆಯಲ್ಲಿ ಕಳುಹಿಸಿದರು. ಸುದ್ದಿಸಂಸ್ಥೆ ದೃಢೀಕರಣಕ್ಕೆಂದು ಅದರ ಪ್ರತಿಯನ್ನು ಸರ್ಕಾರಕ್ಕೇ ತೋರಿಸಿತು. ಕಾಗದದ ಮೇಲಿನ ಮಡಿಕೆಯಿಂದ ಅದು ಮುದ್ರಿಸಿದ ಪ್ರತಿ ಎಂದು ತಿಳಿಯಿತು. ಮುದ್ರಿಸಿದವರು ಆರೇ ಜನ. ಅವರಲ್ಲಿ ಆ ಸಂಸ್ಥೆಗೆ ಕಚೇರಿಯ ಕಂಪ್ಯೂಟರಿನಿಂದ ಇ-ಮೇಲ್ ಮಾಡಿದ್ದವರು ಒಬ್ಬರೇ. ಆಕೆಗೆ ಐದು ವರ್ಷ ಮೂರು ತಿಂಗಳ ಸಜೆಯಾಯಿತು. ಆಕೆಯ ಫೋನನ್ನು ಯಾರೂ ಕದ್ದು ಕೇಳಬೇಕಾಗಿಯೇ ಬರಲಿಲ್ಲ.

ನಾನು ಜಿಲ್ಲಾ ವರದಿಗಾರ್ತಿಯಾಗಿದ್ದಾಗ ಗುಮಾಸ್ತರೊಬ್ಬರು ಮಸ್ಟರ್ ರೋಲ್‌ನ, ಅಂದರೆ ಕೂಲಿಕಾರರ ಹಾಜರಿ ಪಟ್ಟಿಯ, ಜೆರಾಕ್ಸ್ ಪ್ರತಿಯೊಂದನ್ನು ತಂದುಕೊಟ್ಟಿದ್ದರು. ಅಂಚಿನಲ್ಲಿ ಮೇಲಧಿಕಾರಿಯ ಷರಾ ಇತ್ತು, ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಹಾಕಿದ ಸಣ್ಣ ಗುರುತು. ಚಿತ್ರ ಹಾಕಿದರೆ ಪುಟಕ್ಕೆ ಕಳೆ ಬರುತ್ತದೆ ಎಂದು ಡೆಸ್ಕಿನವರು ಪಟ್ಟುಹಿಡಿದರು. ನಾನು ಒಪ್ಪಲಿಲ್ಲ. ಆ ಪೆನ್ಸಿಲ್ ಗುರುತು ಇದ್ದ ಪ್ರತಿ ಕಚೇರಿಯಲ್ಲಿ ಒಂದೇ ಒಂದು ಇದ್ದಿರಬಹುದು. ಸಾಲುಸಾಲಾಗಿ ಕೈಯಲ್ಲಿ ಬರೆದುಕೊಂಡು, ಹಳ್ಳಿಗೆ ಹೋಗಿ ಹೆಸರಿದ್ದ ಕೂಲಿಕಾರರನ್ನು ಮಾತನಾಡಿಸಿ, ಸುದ್ದಿಯನ್ನು ಅವರ ಬಾಯಿಂದ ಬರೆದೆ. ಕಚೇರಿಯಲ್ಲಿ ಹುಡುಕಾಟ ನಡೆಯಿತು, ಯಾರೂ ಸಿಗಲಿಲ್ಲ. ಆ ಗುಮಾಸ್ತರು ಪೂರ್ತಿ ಸೇವೆ ಮುಗಿಸಿ ನಿವೃತ್ತರಾದರು.

ನಿಮಗೂ ಅದೇ ದಾರಿ ಹೇಳುತ್ತೇನೆ. ಕಾಗದ ಬೇಡ. ನೆನಪಿನಲ್ಲಿ ಮೂರು ಸಂಗತಿ ಇಟ್ಟುಕೊಳ್ಳಿ: ಕಡತದ ಸಂಖ್ಯೆ, ಬಿಲ್ಲು ಪಾವತಿಯಾದ ತಿಂಗಳು, ಹಳ್ಳಿಯ ಹೆಸರು. ಅಷ್ಟನ್ನು ನೀವು ನಂಬುವ ವರದಿಗಾರರಿಗೆ ಮುಖಾಮುಖಿಯಾಗಿ ಹೇಳಿ. ಭೇಟಿಗೆ ಹೋಗುವಾಗ ಮೊಬೈಲನ್ನು ಮನೆಯಲ್ಲಿಟ್ಟು ಹೋಗಿ. ಅವರ ಹೆಸರನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಡಿ. ಉಳಿದದ್ದು ಅವರ ಕೆಲಸ. ಹಳ್ಳಿಗೆ ಹೋಗಿ ನಲ್ಲಿ ಇದೆಯೇ, ಟ್ಯಾಂಕ್ ಇದೆಯೇ ಎಂದು ಕಣ್ಣಾರೆ ನೋಡಬೇಕು; ಆಮೇಲೆ ಮಾಹಿತಿ ಹಕ್ಕಿನಲ್ಲಿ ಅದೇ ಕಡತವನ್ನು ಕೇಳಬೇಕು. ಆಗ ದಾಖಲೆ ಕಚೇರಿಯಿಂದಲೇ, ಮುದ್ರೆ, ಸಹಿ ಸಮೇತ ಹೊರಬರುತ್ತದೆ. ಯಾರು ಕೊಟ್ಟರು ಎಂಬ ಪ್ರಶ್ನೆಗೆ ಮಾಹಿತಿ ಅಧಿಕಾರಿಯೇ ಉತ್ತರವಾಗುತ್ತಾರೆ.

ಆ ವರದಿಗಾರರಿಗೂ ನಾಲ್ಕು ಮಾತು. ಅರ್ಜಿಯಲ್ಲಿ ಆ ಒಂದೇ ಕಡತವನ್ನು ಕೇಳಬೇಡಿ, ತಾಲ್ಲೂಕಿನಲ್ಲಿ ಆ ವರ್ಷ ಮುಗಿದ ಎಲ್ಲ ಕುಡಿಯುವ ನೀರಿನ ಕಾಮಗಾರಿಗಳ ಅಳತೆ ಪುಸ್ತಕ ಮತ್ತು ಅಂತಿಮ ಬಿಲ್ಲಿನ ಪ್ರತಿ ಕೇಳಿ. ಬೆರಳು ಯಾವ ಮೇಜಿನ ಕಡೆಗೂ ತೋರಬಾರದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿದೆ. ಅದರಿಂದಾಗಿ ಗುತ್ತಿಗೆದಾರರ ಹೆಸರು ವೈಯಕ್ತಿಕ ಮಾಹಿತಿ, ಕೊಡುವುದಿಲ್ಲ ಎಂದು ಹಿಂಬರಹ ಬರಬಹುದು. ಆಗ 8(2) ಕಲಮನ್ನು ಎತ್ತಿಹಿಡಿದು, ಸಾರ್ವಜನಿಕ ಹಣ, ಸಾರ್ವಜನಿಕ ಹಿತ ಎಂದು ಮೇಲ್ಮನವಿಯಲ್ಲಿ ಬರೆಯಿರಿ. ಅರ್ಜಿಯನ್ನು ಬೇರೆ ತಾಲ್ಲೂಕಿನ ಒಬ್ಬರ ಹೆಸರಿನಲ್ಲಿ ಹಾಕಿಸಿ. ಸುದ್ದಿ ಅಚ್ಚಾದ ವಾರದಲ್ಲಿ ಈ ತಂಗಿಯ ಕಚೇರಿಯ ಕಡೆಗೆ ತಲೆಹಾಕಬೇಡಿ.